ಕನ್ನಡದ ಓದಿಗೊಂದು ಲ್ಯಾಪ್‌ಟಾಪ್: ಆಯ್ಕೆಯ ವಿಚಾರ

ಐಚ್ಛಿಕ ಕನ್ನಡವನ್ನು ಅಭ್ಯಸಿಸುವವರಿಗೆ ಲ್ಯಾಪ್‌ಟಾಪ್ ಏತಕ್ಕೆ ಎಂದು ಕೇಳುವ ಕಾಲ ಕಳೆದುಹೋಗಿದೆ. ಕ್ಷೇತ್ರಕಾರ್ಯದ ವರದಿ, ವಿಚಾರಗೋಷ್ಠಿಯ ಪ್ರಬಂಧ, ಮುಂದೆ ಎಂ.ಎ. ತರಗತಿಯ ಸಂಪ್ರಬಂಧ, ಇವೆಲ್ಲವೂ ಬೆರಳಚ್ಚಾಗಿಯೇ ಬರಬೇಕು. ಓದಿನ ಸಾಮಗ್ರಿಯೂ ಗಣಕದ ಕಡೆಗೇ ಸರಿದಿದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕೋಶವನ್ನಾಗಲಿ, ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನಾಗಲಿ ನಾರ್ವ, ಮಕ್ತಲದಂಥ ಊರುಗಳಲ್ಲಿ ಮುದ್ರಿತ ರೂಪದಲ್ಲಿ ಹುಡುಕಿ ಫಲವಿಲ್ಲ; ಅವುಗಳ ಸ್ಕ್ಯಾನ್ ಪ್ರತಿಗಳು ಮಾತ್ರ ಕೈಗೆಟಕುವಂತಿವೆ. ಆದ್ದರಿಂದ ಉಳಿದಿರುವ ಪ್ರಶ್ನೆ ಒಂದೇ: ಯಾವುದನ್ನು ಕೊಳ್ಳಬೇಕು?

ಈ ಪ್ರಶ್ನೆ ಹಗುರವಾದುದಲ್ಲ. ಕೃಷ್ಣೆಯ ಎರಡೂ ದಂಡೆಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮನೆಯಲ್ಲಿ 40,000 ರೂಪಾಯಿ ಎಂದರೆ ಹತ್ತಿಯದೋ ತೊಗರಿಯದೋ ಒಂದು ಸುಗ್ಗಿಯ ಉಳಿತಾಯ, ಇಲ್ಲವೆ ಮಗ್ಗದ ಮೇಲಿನ ಹಲವು ತಿಂಗಳ ದುಡಿಮೆ. ತಪ್ಪಾಗಿ ಕೊಂಡರೆ ಮತ್ತೊಂದನ್ನು ಕೊಡಿಸಿರೆಂದು ತಂದೆಯ ಮುಂದೆ ನಿಲ್ಲುವಂತಿಲ್ಲ. ಬಿ.ಎ. ಮುಗಿದು ಎಂ.ಎ. ಮುಗಿಯುವ ತನಕ, ಅಂದರೆ ಐದು ವರ್ಷ, ಆ ಒಂದೇ ಯಂತ್ರ ನಡೆಯಬೇಕು. ಇಷ್ಟು ದೊಡ್ಡ ನಿರ್ಣಯವನ್ನು ಅಂಗಡಿಯವನ ಬಾಯಿಗೆ ಒಪ್ಪಿಸುವುದು ವಿವೇಕವಲ್ಲ. 35,000ದಿಂದ 45,000 ರೂಪಾಯಿಯವರೆಗಿನ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಬರೆದಿದ್ದೇನೆ. ಬೆಲೆಗಳು ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಮಾದರಿಗಳ ಪಟ್ಟಿ ಇಲ್ಲಿಲ್ಲ. ಪರೀಕ್ಷಿಸಿ ನೋಡುವ ಕ್ರಮವಷ್ಟೇ ಇದೆ.

ಮೊದಲು ನಮ್ಮ ಕೆಲಸದ ತೂಕವನ್ನು ಅರಿಯಬೇಕು. ಯೂನಿಕೋಡ್ ಪದ್ಧತಿಯಲ್ಲಿ 'ಕ್ಷೇತ್ರ' ಎಂಬ ಪದವನ್ನು ಗಣಕವು ಏಳು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಕಕಾರ, ವಿರಾಮ ಚಿಹ್ನೆ, ಷಕಾರ, ಏತ್ವ, ತಕಾರ, ಮತ್ತೆ ವಿರಾಮ ಚಿಹ್ನೆ, ರಕಾರ. ಸಾಮಾನ್ಯವಾಗಿ ಬಳಕೆಯಲ್ಲಿರುವ ಸಂಗ್ರಹ ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳು ಬೇಕು. ಪದಕ್ಕೆ ಒಟ್ಟು 21. ಈ ಲೆಕ್ಕದಲ್ಲಿ 50,000 ಪದಗಳ ಒಂದು ಸಂಪ್ರಬಂಧವು, ಪದಕ್ಕೆ ಸರಾಸರಿ ಒಂಬತ್ತು ಸಂಕೇತಗಳೆಂದು ಹಿಡಿದರೂ, ಸುಮಾರು 14 ಲಕ್ಷ ಬೈಟುಗಳಾಗುತ್ತದೆ. ಒಂದೂವರೆ ಎಂಬಿಯೂ ಆಗದು. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೇ ಇದಕ್ಕಿಂತ ದೊಡ್ಡದಿರುತ್ತದೆ. ಬರವಣಿಗೆಗಾಗಿ ದುಬಾರಿ ಯಂತ್ರ ಬೇಕಿಲ್ಲವೆಂಬುದು ಇದರಿಂದ ಸ್ಪಷ್ಟ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು, ಬಣ್ಣದ ದೀಪಗಳ ಕೀಲಿಮಣೆ, ಆಟವಾಡುವವರಿಗೆಂದು ಮಾಡಿದ ಅಬ್ಬರದ ಮಾದರಿಗಳು, ಇವಕ್ಕೆ ತೆರುವ ಹಣ ನಮ್ಮ ಪಾಲಿಗೆ ವ್ಯರ್ಥ.

ಭಾರ ಬೀಳುವುದು ಓದಿನ ಕಡೆಯಿಂದ. ಕಿಟ್ಟೆಲ್ ಕೋಶದ ಸ್ಕ್ಯಾನ್ ಪ್ರತಿಯಲ್ಲಿ ಪ್ರತಿ ಪುಟವೂ ಒಂದು ಚಿತ್ರ. ಅದನ್ನು ಒಂದು ಕಿಟಕಿಯಲ್ಲಿ, ಶಾಸನ ಸಂಪುಟವನ್ನು ಇನ್ನೊಂದರಲ್ಲಿ, 'ವಚನ ಸಂಚಯ'ವನ್ನೋ 'ಕಣಜ'ವನ್ನೋ ಬ್ರೌಸರಿನಲ್ಲಿ, ನಿಮ್ಮ ಬರವಣಿಗೆಯನ್ನು ಮತ್ತೊಂದರಲ್ಲಿ ತೆರೆದಿಟ್ಟುಕೊಂಡಾಗ ರ‍್ಯಾಮ್ ಸಾಲದಿದ್ದರೆ ಯಂತ್ರ ಏದುಸಿರು ಬಿಡುತ್ತದೆ. 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬೇಡಿರಿ. 8 ಜಿಬಿ ಕನಿಷ್ಠ, 16 ಇದ್ದರೆ ನಿಶ್ಚಿಂತೆ. 16 ನಿಮ್ಮ ಮಿತಿಗೆ ಮೀರುವುದಾದರೆ, ರ‍್ಯಾಮ್ ಕೂಡಿಸಲು ಖಾಲಿ ಸ್ಥಳ ಇದೆಯೇ ಅಥವಾ ಇರುವಷ್ಟನ್ನೂ ಮೂಲಫಲಕಕ್ಕೇ ಬೆಸೆದಿದ್ದಾರೆಯೇ ಎಂದು ಕೇಳಿರಿ. ಬೆಸೆದಿದ್ದರೆ ಮುಂದೆ ಹೆಚ್ಚಿಸುವ ಮಾರ್ಗವಿಲ್ಲ. ಅಂಗಡಿಯವರು ತಾವಾಗಿ ಹೇಳದ ಸಂಗತಿ ಇದು.

ಸಂಗ್ರಹಕ್ಕೆ ಎಸ್‌ಎಸ್‌ಡಿ ಇರಲೇಬೇಕು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಈಗಿನ ವಿಂಡೋಸಿಗೆ ತೀರ ನಿಧಾನ. ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ 64 ಅಥವಾ 128 ಜಿಬಿಯ ಇಎಂಎಂಸಿ ಎಂಬುದನ್ನು ಹಾಕಿರುತ್ತಾರೆ. ಅದೂ ನಿಧಾನ, ಮೂಲಫಲಕಕ್ಕೆ ಬೆಸೆದದ್ದು, ಬೇಗ ತುಂಬಿಹೋಗುವಂಥದು. 256 ಜಿಬಿಯ ಎಸ್‌ಎಸ್‌ಡಿಯಲ್ಲಿ ಕನ್ನಡ ವಿದ್ಯಾರ್ಥಿಯ ಕೆಲಸ ಸಾಗುತ್ತದೆ, 512 ಆದರೆ ಧಾರಾಳ.

ಇನ್ನು ಪ್ರೊಸೆಸರಿನ ಮಾತು. ಅಂಗಡಿಯ ವ್ಯವಹಾರವೆಲ್ಲ ಇದರ ಹೆಸರಿನ ಮೇಲೆಯೇ ನಡೆಯುವುದರಿಂದ ಆ ಹೆಸರನ್ನು ಓದಲು ಕಲಿಯಬೇಕು. ಪದ್ಯಕ್ಕೆ ಪ್ರಸ್ತಾರ ಹಾಕುವಾಗ ಗುರು ಲಘುಗಳನ್ನು ಬಿಡಿಬಿಡಿಯಾಗಿ ಗುರುತಿಸುವುದಿಲ್ಲವೆ, ಇಲ್ಲಿಯೂ ಹಾಗೆಯೇ. 'ಐ7-7500ಯು' ಎಂದಿದ್ದಲ್ಲಿ ಅಡ್ಡಗೆರೆಯ ಮುಂಚಿನ 7 ದರ್ಜೆಯನ್ನು, ಅನಂತರದ ಮೊದಲ 7 ತಲೆಮಾರನ್ನು ಹೇಳುತ್ತದೆ. 'ಐ3-1215ಯು' ಎಂದಿದ್ದರೆ ದರ್ಜೆ 3, ತಲೆಮಾರು 12. ದರ್ಜೆಯಲ್ಲಿ ಕೆಳಗಿರುವ ಈ ಹನ್ನೆರಡನೆಯ ತಲೆಮಾರಿನ ಐ3ರಲ್ಲಿ ಆರು ತಿರುಳುಗಳಿವೆ, ಏಳನೆಯ ತಲೆಮಾರಿನ ಆ ಐ7ರಲ್ಲಿ ಎರಡೇ. ಕೆಲಸದಲ್ಲಿ ಐ3ಯೇ ಮುಂದು. 'ಐ7 ಇದೆ' ಎಂಬ ಒಂದೇ ಮಾತಿಗೆ ಮನಸೋಲಬಾರದು. ಎಎಂಡಿ ಸಂಸ್ಥೆಯ ರೈಜನ್ 7000 ಸರಣಿಯಲ್ಲಿ ಗುಟ್ಟು ಮೂರನೆಯ ಅಂಕಿಯಲ್ಲಿದೆ: 7520ಯು ಎಂಬುದರಲ್ಲಿರುವ 2, 7530ಯು ಎಂಬುದರಲ್ಲಿರುವ 3 ಒಳವಿನ್ಯಾಸದ ತಲೆಮಾರನ್ನು ಸೂಚಿಸುತ್ತವೆ. ಹೆಸರಿನಲ್ಲಿ ಹತ್ತರ ವ್ಯತ್ಯಾಸವಷ್ಟೇ ಕಂಡರೂ ಮೊದಲನೆಯದು 2019ರಲ್ಲಿ ಬಂದ ವಿನ್ಯಾಸವನ್ನು ಅನುಸರಿಸಿದ್ದು, ಎರಡನೆಯದು ಅದರ ಮುಂದಿನದು. ಬರವಣಿಗೆಗೆ ಎರಡೂ ಸಾಕು, ಆದರೆ ಒಂದೇ ಬೆಲೆಗೆ ದೊರೆತರೆ ಯಾವುದನ್ನು ಆರಿಸಬೇಕೆಂಬುದು ತಿಳಿದಿರಲಿ. ಸೆಲೆರಾನ್ ಎನ್4020ಯಂಥವುಗಳಿಗೆ ಐದು ವರ್ಷ ಬಾಳುವ ಶಕ್ತಿಯಿಲ್ಲ.

ಪ್ರೊಸೆಸರಿನಲ್ಲಿ ಉಳಿಸಿದ ಹಣವನ್ನು ಪರದೆಗೆ ಹಾಕಿರಿ. ಕನ್ನಡ ಓದುವವರಿಗೆ ಇದರಷ್ಟು ಮುಖ್ಯವಾದುದು ಬೇರೊಂದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ರೋಮನ್ ಲಿಪಿಯ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮವು ಕೆಳಗೂ ಬೆಳೆಯುತ್ತವೆ. 'ರಾಷ್ಟ್ರ' ಎಂಬಲ್ಲಿ ಷಕಾರದ ಕೆಳಗೆ ಟಕಾರದ ಒತ್ತು, ಅದರ ಬದಿಗೆ ರಕಾರದ ಒತ್ತು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವಿನ ಭೇದವೆಲ್ಲ ತಳದ ಒಂದು ಸಣ್ಣ ಸೀಳಿನಲ್ಲಿದೆ. ಪ ಮತ್ತು ಷ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಗೆರೆಯಿಂದ. ಆ ಸೀಳೂ ಗೆರೆಯೂ ಪರದೆಯ ಮೇಲೆ ಮೂಡಲು ಬಿಂದುಗಳು ಬೇಕು. 15.6 ಇಂಚಿನ ಪರದೆಯಲ್ಲಿ 1366×768 ಬಿಂದುಗಳಿದ್ದರೆ ಇಂಚಿಗೆ ಸುಮಾರು 100, 1920×1080 ಇದ್ದರೆ ಸುಮಾರು 141. ಮೊದಲನೆಯದರಲ್ಲಿ 'ಧನ' ಎಂಬುದು 'ದನ'ವಾಗಿ ಕಂಡರೆ ಕರಡು ತಿದ್ದುವವರ ಕಣ್ಣನ್ನು ದೂರಿ ಪ್ರಯೋಜನವಿಲ್ಲ. ಪೆಟ್ಟಿಗೆಯ ಮೇಲೆ 'ಫುಲ್ ಎಚ್‌ಡಿ' ಎಂದಿರುವುದನ್ನೇ ಕೊಳ್ಳಿರಿ. ಪರದೆ ಐಪಿಎಸ್ ಬಗೆಯದಾಗಿದ್ದರೆ ಓರೆಯಿಂದ ನೋಡಿದಾಗಲೂ ಬಣ್ಣ ಕೆಡುವುದಿಲ್ಲ. ಹೊಳಪಿಲ್ಲದ ಮೇಲ್ಮೈಯಾದರೆ ಬಾಗಿಲ ಕಡೆಯ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ.

ಕೀಲಿಮಣೆಯ ಪ್ರಶ್ನೆ ನಮ್ಮ ಗಡಿಭಾಗದಲ್ಲಿ ಬೇರೆಯೇ ಒಂದು ಅರ್ಥವನ್ನು ಪಡೆಯುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬನಗರ ಜಿಲ್ಲೆಗೆ ಸೇರಿದವು. ನಾರಾಯಣಪೇಟೆ 2019ರ ಫೆಬ್ರವರಿಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಈ ಸೀಮೆಯ ವಿದ್ಯಾರ್ಥಿಗೆ ಮನೆಮಾತು ಕನ್ನಡ, ಕಚೇರಿಯ ಅರ್ಜಿ ತೆಲುಗು, ನಾರಾಯಣಪೇಟೆಯ ಓಣಿಗಳಲ್ಲಿ ಕಿವಿಗೆ ಬೀಳುವುದು ಮರಾಠಿ, ವಿಳಾಸ ಬರೆಯಲು ಇಂಗ್ಲಿಷು. ಒಬ್ಬನೇ ನಾಲ್ಕು ಲಿಪಿಗಳಲ್ಲಿ ಬೆರಳಾಡಿಸಬೇಕು.

ಇಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸದ ಬೆಲೆ ತಿಳಿಯುತ್ತದೆ. ಭಾರತೀಯ ಲಿಪಿಗಳೆಲ್ಲವೂ ಬ್ರಾಹ್ಮಿಯಿಂದ ಬಂದವು, ವರ್ಣಮಾಲೆಯ ಕ್ರಮವೂ ಒಂದೇ ಎಂಬ ತತ್ವದ ಮೇಲೆ ಇದು ನಿಂತಿದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಇಂಗ್ಲಿಷಿನ 'ಕೆ' ಇರುವ ಕೀಲಿಯನ್ನು ಒತ್ತಿದರೆ ಕನ್ನಡದಲ್ಲಿಯೂ ದೇವನಾಗರಿಯಲ್ಲಿಯೂ ತೆಲುಗಿನಲ್ಲಿಯೂ ಕಕಾರವೇ ಬರುತ್ತದೆ. ಮರಾಠಿ, ಕನ್ನಡ ಎರಡರಲ್ಲೂ ಓದಿ ಬಂದ ನನ್ನಂಥವರಿಗೆ ಳಕಾರ ಎರಡೂ ಭಾಷೆಗಳ ಜೀವಾಳ. ಶಿಫ್ಟ್ ಒತ್ತಿ 'ಎನ್' ಕೀಲಿಯನ್ನು ಮುಟ್ಟಿದರೆ ಎರಡರಲ್ಲಿಯೂ ಅದೇ ಅಕ್ಷರ ದೊರೆಯುತ್ತದೆ. ಒಂದು ಲಿಪಿಯಲ್ಲಿ ಬೆರಳು ಪಳಗಿದರೆ ಉಳಿದವುಗಳಲ್ಲಿಯೂ ಪಳಗಿದಂತೆಯೇ. ಒಂದು ಕೊರತೆಯನ್ನು ಹೇಳಲೇಬೇಕು. ದೇವನಾಗರಿಯ ರೂಢಿಯಲ್ಲಿಲ್ಲದ ಹ್ರಸ್ವ ಎತ್ವ, ಒತ್ವಗಳು ಎಡಗಡೆಯ ಮೂಲೆಯ ಕೀಲಿಗಳಿಗೆ ಹೋಗಿ ಕುಳಿತಿವೆ. 'ಮನೆ', 'ಎಲೆ', 'ಕೊಡೆ' ಎಂದು ಬರೆಯುವ ಕನ್ನಡಿಗನ ಕಿರುಬೆರಳಿಗೆ ಇದರಿಂದ ಶ್ರಮ ಹೆಚ್ಚು.

ಕನ್ನಡವನ್ನು ಮಾತ್ರ ಬರೆಯುವವರಿಗೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಲ್ಲೆಲ್ಲ ಹಬ್ಬಿದ ಕೀಲಿಮಣೆಯೇ ಸುಲಭ. ಅದರಲ್ಲಿ ಒತ್ತಕ್ಷರ ಮಾಡಲು 'ಎಫ್' ಕೀಲಿ, ಇನ್‌ಸ್ಕ್ರಿಪ್ಟಿನಲ್ಲಿ 'ಡಿ' ಕೀಲಿ. ಕನ್ನಡದ ಬರವಣಿಗೆಯಲ್ಲಿ ಒತ್ತಕ್ಷರಗಳ ಸಂಖ್ಯೆಯನ್ನು ನೆನೆದರೆ ಈ ಕೀಲಿಗಳು ಎಷ್ಟು ಪೆಟ್ಟು ತಿನ್ನಬೇಕೆಂಬುದು ಹೊಳೆಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ನಿಂತೇ ಒಂದು ಪುಟ ಬೆರಳಚ್ಚಿಸಿ ನೋಡಿರಿ. ಕೀಲಿಗಳು ಮೆತ್ತಗೆ ಕುಸಿಯುತ್ತವೆಯೇ, ಒತ್ತಿದ್ದು ಬೆರಳಿಗೆ ತಿಳಿಯುತ್ತದೆಯೇ, ನಡುವೆ ಫಲಕ ಬಾಗುತ್ತದೆಯೇ? ಕೀಲಿಗಳ ಮೇಲೆ ಕನ್ನಡ ಅಕ್ಷರಗಳು ಅಚ್ಚಾಗಿರಬೇಕಾದ ಅಗತ್ಯವಿಲ್ಲ. ಬೇಕೆನಿಸಿದರೆ ಅಂಟುಚೀಟಿ ಹಚ್ಚಿರಿ, ತಿಂಗಳೊಳಗೆ ಅದರ ಹಂಗು ತಪ್ಪುತ್ತದೆ.

ಯಂತ್ರ ಸರಿಯಿದ್ದೂ ಕನ್ನಡ ಕೆಡುವ ಒಂದು ಸಂದರ್ಭವಿದೆ. ಹಿಂದಿನ ನುಡಿ, ಬರಹ ಫಾಂಟುಗಳ ಕಡತಗಳಲ್ಲಿ ಗಣಕದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಕನ್ನಡದ ವೇಷ ಹಾಕುವುದು ಫಾಂಟು. ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಅದರಲ್ಲಿ ಪದ ಹುಡುಕಲಾಗದು, ಅಕಾರಾದಿಯಾಗಿ ಪದಸೂಚಿಯನ್ನು ಜೋಡಿಸಲಾಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ತನ್ನದೇ ಆದ 128 ಸ್ಥಾನಗಳಿವೆ. ಸಂಪ್ರಬಂಧವನ್ನು ಯೂನಿಕೋಡಿನಲ್ಲಿಯೇ ಬರೆಯಿರಿ. ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಅದಕ್ಕೆ ಅವಕಾಶವಿದೆ. ಡಿಟಿಪಿ ಅಂಗಡಿಯವರು ಹಳೆಯ ನುಡಿಯನ್ನೇ ಕೇಳಿದರೆ ಪರಿವರ್ತಿಸಿದ ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಮೂಲವನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ.

ಹೊಸ ಲ್ಯಾಪ್‌ಟಾಪಿಗೆ ಕನ್ನಡವನ್ನು 'ಹಾಕಿಸಲು' ಯಾರಿಗೂ ದುಡ್ಡು ಕೊಡಬೇಕಿಲ್ಲ. ವಿಂಡೋಸಿನಲ್ಲಿ ನಿರ್ಮಲಾ ಎಂಬ ಫಾಂಟೂ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಒಳಗೇ ಇವೆ; 2019ರಿಂದ ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯೂ ಸೇರಿದೆ. ಸೆಟ್ಟಿಂಗ್ಸಿನ ಭಾಷೆಗಳ ಪುಟದಲ್ಲಿ ಕನ್ನಡವನ್ನು ಸೇರಿಸಿದರೆ ಮುಗಿಯಿತು. ಹಳಬರಿಗೆ ಪರಿಚಿತವಾದ ತುಂಗಾ ಫಾಂಟು ಈಗ ತಾನಾಗಿ ಬರುವುದಿಲ್ಲ, ಹೆಚ್ಚುವರಿ ಸೌಲಭ್ಯಗಳ ಪಟ್ಟಿಯಿಂದ ಇಳಿಸಿಕೊಳ್ಳಬೇಕು. ನಮ್ಮ ವಿಷಯದಂತೆ ಅದೂ ಐಚ್ಛಿಕವಾಗಿದೆ.

ಹಣ ಇನ್ನೂ ಕಡಿಮೆಯಿದ್ದವರು ಎರಡು ದಾರಿಗಳನ್ನು ಯೋಚಿಸಬಹುದು. ಒಂದು, ವಿಂಡೋಸ್ ಇಲ್ಲದೆ ಮಾರುವ ಯಂತ್ರವನ್ನು ಕೊಂಡು ಉಬುಂಟುವಿನಂಥ ಉಚಿತ ಲಿನಕ್ಸನ್ನು ಹಾಕಿಕೊಳ್ಳುವುದು. ಇನ್‌ಸ್ಕ್ರಿಪ್ಟೂ ಗಣಕ ಪರಿಷತ್ತಿನ ವಿನ್ಯಾಸವೂ ಅದರಲ್ಲಿವೆ, ಬರವಣಿಗೆಗೆ ಲಿಬ್ರೆ ಆಫೀಸ್ ಇದೆ. ಎರಡು, ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಮಾದರಿಗಳನ್ನು ಮರುಸಜ್ಜುಗೊಳಿಸಿ ಮಾರುವುದುಂಟು. ಇವುಗಳ ಕೀಲಿಮಣೆ ಹೊಸ ಅಗ್ಗದ ಯಂತ್ರಗಳಿಗಿಂತ ಎಷ್ಟೋ ಉತ್ತಮ. ಇಲ್ಲಿ ಎಚ್ಚರ ಬೇಕಾದುದು ತಲೆಮಾರಿನ ವಿಷಯದಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ವಿಂಡೋಸ್ 11 ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು, ಅಲ್ಪಸ್ವಲ್ಪ ಅಪವಾದ ಬಿಟ್ಟರೆ, ಒಪ್ಪುವುದಿಲ್ಲ. ಆರು, ಏಳನೆಯ ತಲೆಮಾರಿನವು ಅಗ್ಗವಾಗಿ ಮಾರಾಟವಾಗುವುದಕ್ಕೆ ಇದೂ ಒಂದು ಕಾರಣ. ಬಳಸಿದ ಯಂತ್ರದ ಬ್ಯಾಟರಿಯನ್ನು ಬದಲಿಸುವ ಖರ್ಚನ್ನು ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಿರಿ.

ಬ್ಯಾಟರಿಯನ್ನು ಗಂಟೆಗಳ ಜಾಹೀರಾತಿನಿಂದ ಅಳೆಯದೆ ವಾಟ್-ಅವರ್ ಅಂಕಿಯಿಂದ ಅಳೆಯಿರಿ. 42 ವಾಟ್-ಅವರ್ ಇದ್ದು, ಬರೆಯುವಾಗ ಯಂತ್ರ 8 ವಾಟ್ ಎಳೆದುಕೊಂಡರೆ ಐದು ಗಂಟೆ ದಾಟುತ್ತದೆ. ಕರೆಂಟು ಹೋದ ಸಂಜೆ ಈ ಭಾಗಾಕಾರ ನೆರವಿಗೆ ಬರುತ್ತದೆ.

ಕೊಳ್ಳುವ ಊರು ಯಾವುದಾದರೂ ಆಗಬಹುದು. ಮಕ್ತಲದಿಂದ ಹೆದ್ದಾರಿ ಹಿಡಿದು ರಾಯಚೂರಿಗೆ ಬರಬಹುದು, ಗದ್ವಾಲದವರು ರೈಲಿನಲ್ಲಿಯೇ ಬರಬಹುದು. ಇನ್ನೊಂದು ದಿಕ್ಕಿಗೆ ಮಹಬೂಬನಗರ, ಹೈದರಾಬಾದುಗಳಿವೆ. ತಯಾರಕರ ವಾರಂಟಿ ರಾಜ್ಯದ ಗಡಿಯನ್ನು ನೋಡುವುದಿಲ್ಲ. ಆದರೆ ರಿಪೇರಿ ಎಲ್ಲಿ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. 'ಮನೆಗೇ ಬಂದು ಸರಿಪಡಿಸುತ್ತಾರೆ' ಎಂದರೆ ನಿಮ್ಮ ಊರಿನ ಪಿನ್‌ಕೋಡ್ ಹೇಳಿ, ಆ ಸೇವೆ ಅಲ್ಲಿಯವರೆಗೆ ಇದೆಯೇ ಎಂದು ಕಂಪನಿಯ ಸಹಾಯವಾಣಿಯಿಂದಲೇ ಕೇಳಿ ತಿಳಿಯಿರಿ. ಹೇಳಿದ ಬೆಲೆಯಲ್ಲಿ ಶೇ. 18ರ ಜಿಎಸ್‌ಟಿ ಸೇರಿದೆಯೇ, ಜೊತೆಗೆ ಕೊಡುವ ಆಫೀಸ್ ತಂತ್ರಾಂಶ ಶಾಶ್ವತವೋ ಒಂದು ವರ್ಷದ್ದೋ ಎಂಬುದನ್ನೂ ಕೇಳಿರಿ. ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಬರೆದಿರಬೇಕು. ಬಿಲ್ಲಿಲ್ಲದೆ ಸಾವಿರ ರೂಪಾಯಿ ಕಡಿಮೆ ಮಾಡುತ್ತೇವೆಂದರೆ ಅಲ್ಲಿಂದ ಎದ್ದು ಬನ್ನಿರಿ. ಸಾಧ್ಯವಾದರೆ ಒಂದಿಷ್ಟು ಹಣ ಉಳಿಸಿಕೊಂಡು ಬರೆದುದರ ಎರಡನೆಯ ಪ್ರತಿ ಇಡಲು ಒಂದು ಪೆನ್‌ಡ್ರೈವ್ ಕೊಳ್ಳಿರಿ. ಒಂದೂವರೆ ಎಂಬಿಯ ಸಂಪ್ರಬಂಧಕ್ಕೆ ಅತಿ ಚಿಕ್ಕದೂ ಸಾಕು.

ಅಂಗಡಿಯಲ್ಲಿ ಪರೀಕ್ಷಿಸಲು ಒಂದು ಪುಟದ ಕಡತವನ್ನು ಸಿದ್ಧಪಡಿಸಿದ್ದೇನೆ. ಅದರಲ್ಲಿ ದ-ಧ, ಪ-ಷ ಜೋಡಿಗಳು ಸಣ್ಣ ಗಾತ್ರದಲ್ಲಿವೆ. ಅವು ತೋಳಳತೆಯ ದೂರದಿಂದ ಬೇರೆಬೇರೆಯಾಗಿ ಕಾಣಬೇಕು. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತೂ 'ರ‍್ಯಾಂಕ್' ಎಂಬಲ್ಲಿ ರಕಾರದ ಕೆಳಗೆ ಯಕಾರದ ಒತ್ತೂ ಮೂಡಬೇಕು. ಹಳಗನ್ನಡದ ಱ, ೞ ಅಕ್ಷರಗಳೂ ಅಲ್ಲಿವೆ. ಇವುಗಳ ಬದಲು ಖಾಲಿ ಚೌಕ ಕಂಡರೆ ಯಂತ್ರದ ದೋಷವಲ್ಲ, ಫಾಂಟಿನ ಕೊರತೆ. ಯೂನಿಕೋಡ್ ಪಟ್ಟಿಯಲ್ಲಿ ೞಕಾರವನ್ನು ಹುಡುಕುವವರಿಗೆ ಒಂದು ಸೂಚನೆ: ಅದಕ್ಕೆ ಇಂಗ್ಲಿಷಿನ ಎಫ್ ಧ್ವನಿಯ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ಕಡತವು ವಿಭಾಗದ ಗಣಕದಲ್ಲಿದೆ. ಮಧ್ಯಾಹ್ನದ ಬಿಡುವಿನಲ್ಲಿ ಬಂದು ಪ್ರತಿ ಮಾಡಿಕೊಂಡು ಹೋಗಿರಿ.